ಲೆಕ್ಕದ ಪುಸ್ತಕದ ಹಿಂದಿನ ಹಾಳೆ

ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಓದಿದ್ದು ಔಷಧಿ ಡಬ್ಬದ ಚೀಟಿ, ಬರೆದಿದ್ದು ಆಳಿನ ಲೆಕ್ಕ. ಅಷ್ಟೇ.

ಹೋದ ಬೇಸಗೆ ತ್ರೀಫೇಸ್ ಕರೆಂಟು ರಾತ್ರಿ ಕೊಡ್ತಿದ್ರಲ್ಲ, ಪಂಪ್‌ಶೆಡ್ಡಲ್ಲಿ ನಿದ್ದೆ ಬರಬಾರದು ಅಂತ ಲೈಬ್ರರಿಯಿಂದ ಕಾರಂತರ 'ಬೆಟ್ಟದ ಜೀವ' ತಂದೆ. 1943ರ ಕಾದಂಬರಿ. ಅದರಲ್ಲಿ ಗೋಪಾಲಯ್ಯ ಅಂತ, ಕಾಡಿನ ನಡುವೆ ತೋಟ ಕಟ್ಟಿದ ಮುದುಕರು. ಮಗ ಮನೆ ಬಿಟ್ಟು ಹೋಗಿದಾನೆ. ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆ. ನನ್ನ ಮಗನೂ ಬೆಂಗಳೂರಲ್ಲೇ. ಆ ವರ್ಷವೇ 200 ಅಡಿಕೆ ಸಸಿ ನೆಟ್ಟಿದ್ದೆ, ಯಾರಿಗೆ ಅಂತ ಕೇಳಿಕೊಂಡಿರಲಿಲ್ಲ.

ಮೂರು ದಿನ ಬಿಟ್ಟು ಓದಿ ಮುಗಿಸಿದೆ. ಆಮೇಲೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ, ಅಪ್ಪ ಹಳ್ಳದ ಬದಿ ಮೊದಲ ಸಾಲು ಹಾಕಿದ ಕಥೆ ಬರೆದೆ. ಒಂದು ಪುಟಕ್ಕೆ ನಾಲ್ಕು ರಾತ್ರಿ! ಒತ್ತಕ್ಷರಗಳೇ ಮರೆತುಹೋಗಿದ್ದವು. ಫೋಟೋ ತೆಗೆದು ಮಗನಿಗೆ ಕಳಿಸಿದೆ.

"ಅಜ್ಜ ಸಾಲು ಯಾಕೆ ಓರೆ ಹಾಕಿದ್ರು?" ಅಂತ ಕೇಳಿದ. ತೋಟದ ಬಗ್ಗೆ ಅವನಾಗೇ ಕೇಳಿದ್ದು ಇದೇ ಮೊದಲು. ಉತ್ತರ-ದಕ್ಷಿಣದ ಸಾಲನ್ನು ಪಶ್ಚಿಮಕ್ಕೆ ಓರೆ ಮಾಡಿದರೆ ಮಧ್ಯಾಹ್ನದ ಮೇಲಿನ ಬಿಸಿಲಿಗೆ ಕಾಂಡ ಸುಡೋದು ಕಮ್ಮಿ. ಫೋನಲ್ಲಿ ಹೇಳಿದ್ರೆ ಒಂದೇ ಮಾತು. ನಾನು ಬರೀತಾ ಇದೀನಿ, ಎರಡನೇ ಪುಟ.

ನಿಮ್ಮ ಅಟ್ಟದಲ್ಲಿ ಹಳೇ ಕಾದಂಬರಿ ಇದ್ರೆ ತಿಳಿಸಿ, ಓದಿ ವಾಪಸ್ ಕೊಡ್ತೀನಿ.