ಮರಿಯ ಶರಣಾಗತಿ

ಮನೆಯ ಯಜಮಾನನು ಹೊರಗಿನಿಂದ ಬಂದೊಡನೆ ಸಾಕಿದ ನಾಯಿಮರಿಯು ಕಿವಿಗಳನ್ನು ಹಿಂದಕ್ಕೆ ಮಡಿಸಿ, ಬಾಲವನ್ನು ಕಾಲುಗಳ ನಡುವೆ ಸೇರಿಸಿ, ಅಂಗಾತ ಮಲಗಿ ಅಲ್ಲಿಯೇ ಮೂತ್ರ ವಿಸರ್ಜಿಸುವುದನ್ನು ಅನೇಕ ಗೃಹಸ್ಥರು ಕಂಡಿರಬಹುದು. ಪೂಜೆ ನಡೆಯುವ, ಅತಿಥಿಗಳು ಬಂದುಹೋಗುವ ಮನೆಯಲ್ಲಿ ಇದು ಸಹಜವಾಗಿಯೇ ಬೇಸರದ ಸಂಗತಿ. ಮರಿಯು ಹಟಮಾರಿಯೆಂದೋ, ಶುಚಿತ್ವವನ್ನು ಕಲಿಯಲಾರದೆಂದೋ ಬಗೆದು ಅದನ್ನು ಹೊಡೆಯುವವರೂ ಉಂಟು. ಈ ವರ್ತನೆಯ ಮೂಲವನ್ನು ಅರಿತವರು ಹಾಗೆ ಮಾಡಲಾರರು.

ಮದ್ದೂರಿನ ಸಮೀಪ ವ್ಯವಸಾಯ ಮಾಡಿಕೊಂಡಿರುವ ನನ್ನ ಸೋದರಳಿಯನ ಮನೆಗೆ ಕೆಲವು ವರ್ಷಗಳ ಹಿಂದೆ ಮಂಡ್ಯದಿಂದ ಹೋಗಿದ್ದೆನು. ಮಳವಳ್ಳಿಯ ನೆಂಟರ ಮನೆಯಿಂದ ತಂದ ನಾಲ್ಕು ತಿಂಗಳ ಹೆಣ್ಣುಮರಿಯೊಂದು ಅಲ್ಲಿತ್ತು. ಸೋದರಳಿಯನು ಒಳ್ಳೆಯ ಮನಸ್ಸಿನವನೇ. ಆದರೆ ಎತ್ತರದ ಆಳು, ದೊಡ್ಡ ಗಂಟಲು. ಸಂಜೆ ಕಬ್ಬಿನ ಗದ್ದೆಯಿಂದ ಬಂದು ಅವನು ಹಜಾರಕ್ಕೆ ಕಾಲಿಟ್ಟೊಡನೆ ಮರಿಯು ನೆಲವನ್ನು ಒದ್ದೆ ಮಾಡಿತು.

“ನೀವೇ ನೋಡಿ ಮಾವ, ದಿನಾ ಇದೇ ಪಾಡು. ಹೊಡೆದದ್ದೂ ಆಯ್ತು, ಮೂತಿಯನ್ನ ಅದರಲ್ಲೇ ತಿಕ್ಕಿದ್ದೂ ಆಯ್ತು. ನಾಳೆ ಚೀಲಕ್ಕೆ ಹಾಕಿ ಎಲ್ಲಾದರೂ ಬಿಟ್ಟುಬರ್ತೀನಿ” ಎಂದನು.

ಅವನ ಎಂಟು ವರ್ಷದ ಮಗಳು ಕಂಬದ ಮರೆಯಲ್ಲಿ ನಿಂತಿದ್ದಳು. “ನೀನು ಶಾಲೆಯಿಂದ ಬಂದಾಗಲೂ ಹೀಗೆಯೇ ಮಾಡುತ್ತದೆಯೇನಮ್ಮ?” ಎಂದು ಕೇಳಿದೆನು.

“ಇಲ್ಲ ತಾತ, ಬಾಲ ಅಲ್ಲಾಡಿಸುತ್ತೆ ಅಷ್ಟೆ” ಎಂದಳು.

ಇದರ ಗುಟ್ಟನ್ನು ಪಶುವೈದ್ಯರಾದ ಮಿತ್ರರೊಬ್ಬರು ನನಗೆ ಹಿಂದೆಯೇ ತಿಳಿಸಿದ್ದರು. ಹುಟ್ಟಿದ ಮೊದಲ ಎರಡು ಮೂರು ವಾರಗಳಲ್ಲಿ ನಾಯಿಮರಿಯು ತಾನಾಗಿ ಮೂತ್ರ ವಿಸರ್ಜಿಸಲಾರದು. ತಾಯಿಯು ನೆಕ್ಕಿ ಪ್ರಚೋದಿಸಬೇಕು. ಮರಿಯು ಅಂಗಾತ ಬಿದ್ದು ತನ್ನನ್ನು ಒಪ್ಪಿಸಿಕೊಳ್ಳಬೇಕು. ತೋಳಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ವಿಜ್ಞಾನಿ ರುಡಾಲ್ಫ್ ಶೆಂಕೆಲ್ ಅವರು 1967ರ ತಮ್ಮ ಪ್ರಬಂಧದಲ್ಲಿ, ತೋಳ ಮತ್ತು ನಾಯಿಗಳು ಬಲಶಾಲಿಯ ಮುಂದೆ ಅಂಗಾತ ಬೀಳುವ ಭಂಗಿಯು ಈ ಶೈಶವದ ಭಂಗಿಯಿಂದಲೇ ಬಂದುದೆಂದು ವಿವರಿಸಿದ್ದಾರೆ. ಎಂದರೆ ಆ ಮೂತ್ರವು ಮರಿಯ ಬಿನ್ನಹ: ‘ನಾನು ಚಿಕ್ಕವನು, ನಿನಗೆ ಶರಣಾಗಿದ್ದೇನೆ, ನನ್ನನ್ನು ಹಿಂಸಿಸಬೇಡ.’ ಇದಕ್ಕೆ ಉತ್ತರವಾಗಿ ಹೊಡೆತ ಬಿದ್ದರೆ, ತನ್ನ ಬಿನ್ನಹವು ಸಾಲದೆಂದು ಅದು ಇನ್ನಷ್ಟು ಕುಗ್ಗಿ ಇನ್ನಷ್ಟು ಒದ್ದೆ ಮಾಡುತ್ತದೆ. ದಂಡನೆಯಿಂದ ಈ ಅಭ್ಯಾಸವು ಹೆಚ್ಚುವುದೇ ಹೊರತು ಬಿಡುವುದಿಲ್ಲ.

ನಾನು ಬಾಲ್ಯದಲ್ಲಿದ್ದ ಮಠದ ಪ್ರಸಾದನಿಲಯಕ್ಕೆ ಏಳೆಂಟು ವರ್ಷದ ಹುಡುಗರು ತಾಯಿಯನ್ನು ಬಿಟ್ಟು ಬರುತ್ತಿದ್ದರು. ಕೆಲವರ ಹಾಸಿಗೆ ರಾತ್ರಿ ಒದ್ದೆಯಾಗುತ್ತಿತ್ತು. ಅಲ್ಲಿದ್ದ ಹಿರಿಯರೊಬ್ಬರು ಬೆಳಗಿನ ಜಾವ ಯಾರೂ ಏಳುವ ಮುನ್ನವೇ ಆ ಹಾಸಿಗೆಯನ್ನು ತೆಗೆದು ಒಗೆದು ಹರವಿಬಿಡುತ್ತಿದ್ದರು. ಯಾರದೆಂದು ಕೇಳುತ್ತಿರಲಿಲ್ಲ, ಯಾರಿಗೂ ಹೇಳುತ್ತಿರಲಿಲ್ಲ. ಮಗುವಿನದೂ ಮರಿಯದೂ ಒಂದೇ ಕಾರಣವಲ್ಲ. ಆದರೂ ಇಬ್ಬರಿಗೂ ಅದು ಕೈಮೀರಿದ ಸಂಗತಿಯೇ. ಆ ಹಿರಿಯರು ಮಾಡಿದ್ದೇ ಇಲ್ಲಿಯೂ ಮಾಡತಕ್ಕದ್ದು.

ಸೋದರಳಿಯನಿಗೆ ನಾನು ಹೇಳಿದ ಕ್ರಮಗಳು ಕಷ್ಟದವಲ್ಲ. ಮನೆಗೆ ಬಂದೊಡನೆ ಮರಿಯನ್ನು ಕರೆಯಬಾರದು, ದಿಟ್ಟಿಸಿ ನೋಡಬಾರದು. ಕೆಲವು ನಿಮಿಷ ಅದರತ್ತ ಗಮನವನ್ನೇ ಕೊಡಬಾರದು. ಸಾಧ್ಯವಾದರೆ ಮೊದಲ ಭೇಟಿಯು ಅಂಗಳದಲ್ಲಿಯೇ ಆಗಲಿ. ಅನಂತರ ಪಕ್ಕಕ್ಕೆ ತಿರುಗಿ ಕುಕ್ಕರಗಾಲಿನಲ್ಲಿ ಕುಳಿತು, ಅದು ತಾನಾಗಿ ಬರುವವರೆಗೆ ಕಾಯಬೇಕು. ಮೇಲಿನಿಂದ ತಲೆಯನ್ನು ಸವರದೆ ಗದ್ದದ ಕೆಳಗೆ, ಎದೆಯ ಮೇಲೆ ಮೆಲ್ಲನೆ ಸವರಬೇಕು. ಒದ್ದೆ ಮಾಡಿದರೆ ಮಾತಿಲ್ಲದೆ ಒರೆಸಿಬಿಡಬೇಕು. ಕುಳಿತುಕೊಳ್ಳುವುದು ಮೊದಲಾದ ಸಣ್ಣ ಪಾಠಗಳನ್ನು ಕಲಿಸಿ, ಮಾಡಿದಾಗ ಒಂದು ತುಣುಕು ತಿಂಡಿ ಕೊಟ್ಟರೆ ಅದಕ್ಕೆ ಧೈರ್ಯ ಬರುತ್ತದೆ. ಮನೆಯವರೆಲ್ಲರೂ, ಬಂದ ನೆಂಟರೂ ಒಂದೇ ರೀತಿ ನಡೆದುಕೊಳ್ಳಬೇಕು. ಬಹುಪಾಲು ಮರಿಗಳು ಒಂದು ವರ್ಷ ತುಂಬುವ ಹೊತ್ತಿಗೆ ಇದನ್ನು ಬಿಡುತ್ತವೆ.

ಆದರೆ ಮರಿಯು ನಿದ್ರೆಯಲ್ಲಿಯೂ ಒದ್ದೆ ಮಾಡಿಕೊಂಡರೆ, ಪದೇ ಪದೇ ಸ್ವಲ್ಪ ಸ್ವಲ್ಪವೇ ಮೂತ್ರ ಮಾಡಿದರೆ, ಮೂತ್ರದಲ್ಲಿ ರಕ್ತ ಕಂಡರೆ, ವಿಪರೀತ ನೀರು ಕುಡಿದರೆ ಅದು ರೋಗದ ಲಕ್ಷಣವಾಗಿರಬಹುದು, ಪಶುವೈದ್ಯರಿಗೆ ತೋರಿಸಬೇಕು. ಚೀಲದಲ್ಲಿ ಒಯ್ದು ಬಿಟ್ಟುಬರುವುದಂತೂ ಪರಿಹಾರವೇ ಅಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಸೋದರಳಿಯನು ಮೊದಲು ನಕ್ಕನು. ಮಗಳ ಮುಖ ನೋಡಿ ಒಂದು ತಿಂಗಳ ಗಡುವು ಕೊಟ್ಟನು. ಆ ತಿಂಗಳಲ್ಲಿ ಎರಡು ಬಾರಿ ಮಾತ್ರ ನೆಲ ಒದ್ದೆಯಾಯಿತಂತೆ, ಅದೂ ಅವನು ಫೋನಿನಲ್ಲಿ ಯಾರ ಮೇಲೋ ಕೂಗಾಡಿದ ದಿನಗಳಲ್ಲಿ. ಮರಿ ಉಳಿಯಿತು. ಅವನ ದನಿಯು ಮನೆಯೊಳಗೆ ಸ್ವಲ್ಪ ತಗ್ಗಿದೆಯೆಂದು ಅವನ ಹೆಂಡತಿ ನನ್ನೊಡನೆ ಹೇಳಿದಳು.

ಮನೆಯಲ್ಲಿ ಹಿರಿಯನ ಹೆಜ್ಜೆಯ ಸಪ್ಪಳ ಕೇಳಿ ಯಾರು ಅರಳುತ್ತಾರೆ, ಯಾರು ಮುದುಡುತ್ತಾರೆ ಎಂಬುದನ್ನು ಗೃಹಸ್ಥರು ಆಗಾಗ ಗಮನಿಸುವುದು ಒಳ್ಳೆಯದು. ಮಕ್ಕಳು ಅದನ್ನು ಮರೆಮಾಚಬಲ್ಲರು; ನಾಯಿಮರಿಗೆ ಮರೆಮಾಚಲು ಬಾರದು.