ಗುಣವಾಚಕಗಳಿಲ್ಲದ ಪುಟಗಳು

ಗುರುಗಳು ಹೊರಗೆ ಹೋದಾಗ ಗಲಾಟೆ ಮಾಡಿದವರ ಹೆಸರನ್ನು ಮಾನಿಟರ್ ಕರಿಹಲಗೆಯ ಮೇಲೆ ಬರೆದಿಡುವ ರೂಢಿ ನಮ್ಮ ಶಾಲೆಗಳಲ್ಲಿ ಬಹಳ ಹಳೆಯದು. ಮಾನಿಟರನ ಗೆಳೆಯನ ಹೆಸರು ಅಲ್ಲಿ ಎಂದೂ ಇರುವುದಿಲ್ಲ. ಅವನಿಗೆ ಪೆನ್ಸಿಲ್ ಕೊಡದವನ ಹೆಸರಿನ ಕೆಳಗೆ ಮಾತ್ರ ಮೂರು ಗೆರೆ ಬಿದ್ದಿರುತ್ತವೆ. ವಿದ್ಯಾರ್ಥಿಗಳ ವರ್ತನೆಯನ್ನು ಗುರುತಿಡುವುದೆಂದರೆ ಇದೇ ಎಂದು ನಂಬಿ ನಿವೃತ್ತರಾದವರೂ ಇದ್ದಾರೆ.

ನಾನು ಅನುಸರಿಸಿದ ಕ್ರಮ ಸರಳವಾದುದು. ನೂರು ಪುಟದ ಒಂದು ನೋಟ್‌ಬುಕ್ಕು, ಪ್ರತಿ ಮಗುವಿಗೆ ಎರಡು ಪುಟ. ದಿನಕ್ಕೆ ಏಳು ಮಕ್ಕಳನ್ನಷ್ಟೇ ಗಮನಿಸಿದರೆ ನಲವತ್ತು ಮಕ್ಕಳ ತರಗತಿಯಲ್ಲಿ ವಾರಕ್ಕೊಮ್ಮೆ ಎಲ್ಲರ ಸರದಿಯೂ ಬರುತ್ತದೆ. ದಿನಾಂಕ, ವೇಳೆ, ಕಣ್ಣಿಗೆ ಕಂಡ ಸಂಗತಿ, ಇಷ್ಟೂ ಒಂದೇ ಸಾಲಿನಲ್ಲಿ. ಗುಣವಾಚಕ ಮಾತ್ರ ಕೂಡದು. ‘ಎರಡನೆಯ ಅವಧಿಯಲ್ಲಿ ಪಕ್ಕದವನ ಪಾಟಿ ಕಸಿದುಕೊಂಡ’ ಎಂದು ಬರೆಯಬಹುದು. ‘ಉಡಾಳ’ ಎಂದು ಬರೆಯಬಾರದು. ಮೊದಲನೆಯದು ನಡೆದದ್ದು, ಎರಡನೆಯದು ನಮ್ಮ ತೀರ್ಪು. ಕತೆ ಕೇಳುತ್ತ ಮೈಮರೆತದ್ದು, ತಂಗಿಯ ಮೂಗು ಒರೆಸಿದ್ದು, ಇವೂ ಬರೆಯತಕ್ಕ ಸಂಗತಿಗಳೇ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ನಾನು ಕುಷ್ಟಗಿ ತಾಲ್ಲೂಕಿನ ಒಂದು ಊರಿನಲ್ಲಿದ್ದೆ. ಐದನೆಯ ತರಗತಿಯ ಒಬ್ಬ ಹುಡುಗನಿಗೆ ‘ಕೆಲಸಗಳ್ಳ’ ಎಂಬ ಬಿರುದು ಆಗಲೇ ಅಂಟಿತ್ತು. ಹೆಸರು ಹೊಡೆದುಹಾಕುವ ಮಾತೂ ನಡೆದಿತ್ತು. ನಾನು ಅವನ ಪುಟ ತೆರೆದು ಒಂದೇ ಸಲಕ್ಕೆ ಓದಿದೆ: ಹನ್ನೊಂದಕ್ಕೆ ಬಂದ, ಗಣಿತದ ಅವಧಿಯಲ್ಲಿ ನಿದ್ದೆ, ಮೂರು ಗಂಟೆಗೆ ಚೀಲ ಕಟ್ಟಿದ, ಮೂರಕ್ಕೆ ಗೋಡೆ ಹಾರಿದ, ಬೆರಳ ತುದಿ ಹಳದಿ. ಜೂನ್, ಜುಲೈ ತಿಂಗಳಲ್ಲಿ ಇಂಥ ಒಂದು ಸಾಲೂ ಇಲ್ಲ. ಎಲ್ಲವೂ ಶ್ರಾವಣ ಕಳೆದ ಮೇಲಿನವು.

ಹತ್ತಿಯ ಬೀಜದ ಪ್ಲಾಟುಗಳಲ್ಲಿ ‘ಕ್ರಾಸಿಂಗ್’ ನಡೆಯುವ ಕಾಲ ಅದು. ಮಧ್ಯಾಹ್ನದ ನಂತರ ಹೆಣ್ಣು ಸಾಲಿನ ಮೊಗ್ಗುಗಳಿಂದ ಕೇಸರ ಬಿಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಸವರಬೇಕು. ಇದಕ್ಕೆ ಎಳೆಯ ಬೆರಳು ಬೇಕಂತೆ. ಎಳೆಯರ ಕೂಲಿ ಕಡಿಮೆಯೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪುಟ ಹಿಡಿದುಕೊಂಡು ಮನೆಗೆ ಹೋದಾಗ ಅವನ ತಾಯಿ, “ಮುಂಗಡ ತೊಗೊಂಡೀವ್ರೀ ಸರ, ಅದು ತೀರೋತನಕ ಬಿಡಾಕ ಬರಂಗಿಲ್ಲ” ಎಂದಳು. ಆ ವರ್ಷ ಹುಡುಗನನ್ನು ಹೊಲದಿಂದ ಬಿಡಿಸಲಾಗಲಿಲ್ಲ. ಆದರೆ ಹೆಸರು ಹೊಡೆಯುವುದು ತಪ್ಪಿತು. ಗಣಿತವನ್ನು ಹನ್ನೆರಡು ಗಂಟೆಯ ಅವಧಿಗೆ ತಂದೆ. ದೀಪಾವಳಿಯ ನಂತರದ ಅವನ ಸಾಲುಗಳು ಬೇರೆಯೇ ಆಗಿದ್ದವು.

ಹೀಗೆ ಪುಟಗಳು ಊರಿನ ಪಂಚಾಂಗವನ್ನೂ ಹೇಳುತ್ತವೆ. ಯಲಬುರ್ಗಾ ಕಡೆ ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಮೊದಲು ಮಕ್ಕಳು ಮಂಕಾಗುತ್ತಾರೆ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿ ಬಂದರೆ ದೊಡ್ಡ ಹುಡುಗಿಯರು ಕೂಸು ಆಡಿಸಲು ಮನೆಯಲ್ಲೇ ಉಳಿಯುತ್ತಾರೆ. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ವಾರ ಮಾತ್ರ ಏನನ್ನೂ ಬರೆಯಬಾರದು. ಆಗ ಗುರುಗಳ ವರ್ತನೆಯೂ ಅಷ್ಟಕ್ಕಷ್ಟೇ!

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ 2010ರಿಂದ ನಿಷೇಧಿಸಿದೆ. ಆದರೂ ವರ್ತನೆಗೆ ನಕ್ಷತ್ರ ಹಚ್ಚುವ ಪಟ್ಟಿಗಳು ಕೆಲವು ತರಗತಿಗಳ ಗೋಡೆಯ ಮೇಲಿವೆ. ನಲಿ-ಕಲಿಯ ಪ್ರಗತಿ ನೋಟ ಗೋಡೆಯ ಮೇಲಿರಲಿ, ಅದು ಕಲಿಕೆಯ ಮೆಟ್ಟಿಲು. ನಡತೆಯ ಪಟ್ಟಿ ಗೋಡೆಗೇರಿದರೆ ಮತ್ತೆ ಮಾನಿಟರನ ಕರಿಹಲಗೆಯೇ.

ನನ್ನ ನೋಟ್‌ಬುಕ್ಕನ್ನು ವರ್ಷದ ಕೊನೆಗೆ ಮುಂದಿನ ತರಗತಿಯ ಗುರುಗಳಿಗೆ ಕೊಡುತ್ತಿರಲಿಲ್ಲ. ಕೇಳಿದವರಿಗೆ, ಈ ಹುಡುಗನಿಗೆ ಯಾವ ತಿಂಗಳು ಕಷ್ಟದ್ದು ಎಂಬುದನ್ನಷ್ಟೇ ಹೇಳುತ್ತಿದ್ದೆ.