ಕಿವಿಯಿಂದ ಕಲಿಯುವ ಸ್ಪ್ಯಾನಿಷ್

ಶಾಲೆಯ ಹಂಗಿಲ್ಲದೆ, ಧ್ವನಿಮುದ್ರಿತ ಪಾಠ, ರೇಡಿಯೊ ಹಾಗೂ ಪಾಡ್‌ಕಾಸ್ಟ್‌ಗಳ ನೆರವಿನಿಂದ, ಅಂದರೆ ಬಹುಮಟ್ಟಿಗೆ ಕಿವಿಯಿಂದಲೇ ಭಾಷೆಯೊಂದನ್ನು ಕಲಿಯುವ ಪದ್ಧತಿಗೆ ಸ್ಪ್ಯಾನಿಷ್ ಚೆನ್ನಾಗಿ ಒಗ್ಗುತ್ತದೆ. ಅದರಲ್ಲಿ ಬರೆದದ್ದಕ್ಕೂ ನುಡಿದದ್ದಕ್ಕೂ ಅಂತರ ಕಡಿಮೆ, ಸ್ವರಗಳು ಐದೇ, ಮತ್ತು 20 ದೇಶಗಳಲ್ಲಿ ರಾಜ್ಯಭಾಷೆಯಾಗಿರುವ ಕಾರಣ ಕೇಳಲು ಸಿಗುವ ಸಾಮಗ್ರಿಗೆ ಕೊರತೆಯಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿಯಲ್ಲಿ ಈ ಭಾಷೆಯ ಕಡೆಗೆ ಮನಸ್ಸು ಹರಿಸಿದವರಿಗೆ ಮನೆಯ ಹತ್ತಿರ ತರಗತಿ ಸಿಗುವುದು ಸುಲಭವಲ್ಲ. ಸ್ಪೇನ್ ಸರ್ಕಾರ 1991ರಲ್ಲಿ ಸ್ಥಾಪಿಸಿದ ಇನ್ಸ್ತಿತೂತೊ ಸೆರ್ವಾಂತೆಸ್ ಎಂಬ ಭಾಷಾಸಂಸ್ಥೆಯ ಕೇಂದ್ರ ಇರುವುದು ದೂರದ ದೆಹಲಿಯಲ್ಲಿ. ಬೆಳಕೆಯಂಥ ಹಳ್ಳಿಯಿಂದ ದಿನವೂ ಪೇಟೆಗೆ ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿಗೆ ಮೊಬೈಲ್ ಫೋನು ಮತ್ತು ಇಯರ್‌ಫೋನು ಇವೇ ಪಾಠಶಾಲೆ. ಆದರೆ ಕೇಳಿ ಕಲಿಯುವ ವಿದ್ಯೆ ಈ ನೆಲಕ್ಕೆ ಮೊಬೈಲಿನೊಂದಿಗೆ ಬಂದದ್ದಲ್ಲ. ಅದಕ್ಕೆ ಇಲ್ಲಿ ಶತಮಾನಗಳ ಶಿಸ್ತು ಇದೆ, ಮತ್ತು ಆ ಶಿಸ್ತನ್ನು ಬಲ್ಲವರಿಗೆ ಇಂದಿನ ಶ್ರವ್ಯಪಾಠಗಳ ಬಲವೂ ಅವುಗಳ ಕೊರತೆಯೂ ಬೇಗ ಅರ್ಥವಾಗುತ್ತವೆ.

ಮೊದಲು ಬಲವನ್ನು ನೋಡಬಹುದು. ಕನ್ನಡಿಗರು ಸ್ಪ್ಯಾನಿಷನ್ನು ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕ ಕಲಿಯುತ್ತಾರೆ, ಏಕೆಂದರೆ ವಿವರಣೆಯ ಭಾಷೆ ಹೆಚ್ಚಿನ ಪಾಠಗಳಲ್ಲಿ ಇಂಗ್ಲಿಷೇ ಆಗಿರುತ್ತದೆ. ರೋಮನ್ ಲಿಪಿಯನ್ನು ಕಂಡೊಡನೆ ಇಂಗ್ಲಿಷಿನ ಉಚ್ಚಾರಣೆ ನಾಲಗೆಗೆ ಬರುವುದು ಸಹಜವಾದ್ದರಿಂದ, ಪುಟದಿಂದ ಆರಂಭಿಸಿದವರು ಸ್ಪ್ಯಾನಿಷಿನ ದಂತ್ಯ ವ್ಯಂಜನವನ್ನು, ಅಂದರೆ ನಾಲಗೆ ಹಲ್ಲಿಗೆ ತಾಗಿ ಹುಟ್ಟುವ ಧ್ವನಿಯನ್ನು, ಮೂರ್ಧನ್ಯವಾಗಿ ಮಡಚಿ ‘ಟೊಮಾಟೆ’ ಎನ್ನುತ್ತಾರೆ. ಅದೇ ಪದವನ್ನು ಮೊದಲು ಕಿವಿಯಿಂದ ಪಡೆದವರು ಕೇಳುವುದು ‘ತೊಮಾತೆ’ ಎಂದು. ಆ ತಕಾರ ಕನ್ನಡದ್ದೇ ತಕಾರ. ಇಂಗ್ಲಿಷ್ ತಾಯ್ನುಡಿಯವರು ತಿಂಗಳುಗಟ್ಟಲೆ ತಿದ್ದಿಕೊಳ್ಳಬೇಕಾದ, ಉಸಿರು ಬೆರೆಯದ ಪಕಾರ, ತಕಾರ, ಕಕಾರಗಳು ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದಿವೆ. ಲಿಪಿ ಅಡ್ಡ ಬಾರದಿದ್ದರೆ ಈ ಸೌಕರ್ಯ ಉಳಿಯುತ್ತದೆ. ಹಾಗೆಂದು ಎಲ್ಲವೂ ಸಲೀಸಲ್ಲ. ಸ್ಪ್ಯಾನಿಷ್ ಸ್ವರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ, ಕನ್ನಡದ ಕಿವಿಯಾದರೋ ಇಲ್ಲದ ಕಡೆಯೂ ಆ ಭೇದವನ್ನು ಹುಡುಕುತ್ತದೆ. ‘ಪೆರೊ’ ಎಂದರೆ ‘ಆದರೆ’, ರೇಫವನ್ನು ಒತ್ತಿ ನಡುಗಿಸಿ ‘ಪೆರ್ರೊ’ ಎಂದರೆ ‘ನಾಯಿ’, ಮತ್ತು ಈ ಎರಡು ರೇಫಗಳ ಅಂತರ ಹಳಗನ್ನಡದ ಶಕಟರೇಫವನ್ನು ಕೈಬಿಟ್ಟು ಬಹುಕಾಲವಾದ ಇಂದಿನ ಕನ್ನಡದ ಕಿವಿಗೆ ಅಭ್ಯಾಸದಿಂದಲೇ ದಕ್ಕಬೇಕು.

ಈ ಮೂರು ತಾಲ್ಲೂಕುಗಳಲ್ಲಿ ಕನ್ನಡವೊಂದನ್ನೇ ಬಲ್ಲವರಿಗಿಂತ ಎರಡು ಮೂರು ನುಡಿಗಳ ನಡುವೆ ಬೆಳೆದವರೇ ಹೆಚ್ಚು ಎನ್ನಬಹುದು, ಮತ್ತು ಆ ಪ್ರತಿಯೊಂದು ನುಡಿಯೂ ಸ್ಪ್ಯಾನಿಷ್ ಕಲಿಕೆಗೆ ತನ್ನದೊಂದು ಪಾಲನ್ನು ಕೊಡುತ್ತದೆ. ಸ್ಪ್ಯಾನಿಷಿನಲ್ಲಿ ಗಂಟಲ ಬಳಿ ಉಜ್ಜಿ ಹೊರಡುವ ಒಂದು ಧ್ವನಿಯಿದೆ. ಭಟ್ಕಳದಲ್ಲಿ ಉರ್ದು ಮತ್ತು ನವಾಯತಿ ಆಡುವ ಮನೆಯವರಿಗೆ ‘ಖಬರ್’ ಎಂಬಲ್ಲಿನ ಖಕಾರವಾಗಿ ಅದು ಪರಿಚಿತ. ಸ್ಪ್ಯಾನಿಷಿನಲ್ಲಿ ನಿರ್ಜೀವ ವಸ್ತುಗಳಿಗೂ ವ್ಯಾಕರಣದ ಲಿಂಗವಿರುವುದರಿಂದ ‘ಲಾ ಕಾಸಾ ಬ್ಲಾಂಕಾ’, ಅಂದರೆ ಬಿಳಿಯ ಮನೆ, ‘ಎಲ್ ಲೀಬ್ರೊ ಬ್ಲಾಂಕೊ’, ಅಂದರೆ ಬಿಳಿಯ ಪುಸ್ತಕ, ಹೀಗೆ ವಿಶೇಷಣದ ಕೊನೆಯ ಸ್ವರ ನಾಮಪದದ ಲಿಂಗಕ್ಕೆ ಹೊಂದಿಕೊಂಡು ಬದಲಾಗುತ್ತದೆ; ಮೂರು ಲಿಂಗಗಳನ್ನು ಪಾಲಿಸುವ ಕೊಂಕಣಿಯ ಮನೆಯಲ್ಲಿ ಬೆಳೆದವರ ಕಿವಿ ಇಂಥ ಹೊಂದಾಣಿಕೆಗೆ ಆಗಲೇ ಪಳಗಿರುತ್ತದೆ. ಕನ್ನಡದ ಕೊಡುಗೆ ಬೇರೆ ಬಗೆಯದು. ‘ಬಂದೆ’ ಎಂದಷ್ಟೇ ಅಂದರೆ ಬಂದವರು ಯಾರೆಂಬುದು ಕ್ರಿಯಾಪದದ ಕೊನೆಯಲ್ಲೇ ತಿಳಿಯುವಂತೆ ಸ್ಪ್ಯಾನಿಷಿನಲ್ಲಿಯೂ ‘ಆಬ್ಲೊ’ ಎಂದರೆ ‘ಮಾತನಾಡುತ್ತೇನೆ’, ‘ಆಬ್ಲಾಸ್’ ಎಂದರೆ ‘ಮಾತನಾಡುತ್ತೀಯೆ’, ಸರ್ವನಾಮದ ಅಗತ್ಯವಿಲ್ಲ. ಸಲಿಗೆಯ ‘ನೀನು’ ಮತ್ತು ಗೌರವದ ‘ನೀವು’ ಎಂಬ ಭೇದವೂ ಅಲ್ಲಿ ‘ತು’, ‘ಉಸ್ತೆದ್’ ಎಂಬ ರೂಪಗಳಲ್ಲಿ ಇದೆ. ಈ ತೀರಕ್ಕೆ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಸೇರಿದ ಭಾಷಾಕುಟುಂಬ ಕೇಳರಿಯದ್ದೂ ಅಲ್ಲ. ಪೋರ್ಚುಗೀಸರು ಹೊನ್ನಾವರದಲ್ಲಿ ಕೋಟೆಯನ್ನು ಹಿಡಿದುಕೊಂಡಿದ್ದ ಕಾಲದಲ್ಲಿ, 1580ರಿಂದ 1640ರವರೆಗೆ, ಪೋರ್ಚುಗಲ್ ಮತ್ತು ಸ್ಪೇನ್ ಒಂದೇ ರಾಜವಂಶದ ಅರಸರ ಅಧೀನದಲ್ಲಿದ್ದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಮೆಣಸಿನ ವ್ಯಾಪಾರದಲ್ಲಿ ಎದುರಿಸಬೇಕಾದದ್ದು ಈ ಪೋರ್ಚುಗೀಸರನ್ನೇ. ಪೋರ್ಚುಗೀಸಿನಿಂದ ಬಂದು ನಮ್ಮದೇ ಆಗಿಹೋದ ‘ಪಗಾರ’ದ ಮೂಲಧಾತು ಸ್ಪ್ಯಾನಿಷಿನಲ್ಲಿ ಇಂದಿಗೂ ‘ಹಣ ಕೊಡು’ ಎಂಬ ಅರ್ಥದಲ್ಲಿ ನಿತ್ಯ ಕೇಳಿಬರುತ್ತದೆ.

ಆದರೂ ಆರಂಭಿಕರ ದೊಡ್ಡ ದೂರು ಧ್ವನಿಗಳದ್ದಲ್ಲ, ವೇಗದ್ದು. ಆ ದೂರು ನಿಜವಾದದ್ದು. ಫ್ರಾನ್ಸಿನ ಲಿಯೋನ್ ನಗರದ ಭಾಷಾವಿಜ್ಞಾನಿ ಫ್ರಾನ್ಸ್ವಾ ಪೆಲೆಗ್ರಿನೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸ್ಪ್ಯಾನಿಷ್ ಮಾತಿನಲ್ಲಿ ಸೆಕೆಂಡಿಗೆ ಸುಮಾರು 7.8 ಅಕ್ಷರಗಳು, ಅಂದರೆ ಒಂದೊಂದು ಸ್ವರವನ್ನು ಒಳಗೊಂಡ ಉಚ್ಚಾರದ ಘಟಕಗಳು, ಸಾಗಿಹೋಗುತ್ತವೆ, ಇಂಗ್ಲಿಷಿನಲ್ಲಿ ಸುಮಾರು 6.2, ಇಂಗ್ಲಿಷಿನ ಒಂದೊಂದು ಅಕ್ಷರ ಹೆಚ್ಚು ಅರ್ಥಭಾರವನ್ನು ಹೊರುವುದರಿಂದ ಎರಡೂ ಭಾಷೆಗಳು ಒಂದೇ ಹೊತ್ತಿನಲ್ಲಿ ತಿಳಿಸುವ ವಿಷಯ ಮಾತ್ರ ಬಹುತೇಕ ಸಮನಾಗಿರುತ್ತದೆ. ಇದರ ಮೇಲೆ ಪದಗಳು ಒಂದರೊಳಗೊಂದು ಸೇರಿಹೋಗುವ ತೊಡಕು ಬೇರೆ. ಮೀನುಪೇಟೆಯ ಒಂದು ವಾಕ್ಯವನ್ನೇ ತೆಗೆದುಕೊಳ್ಳಬಹುದು: ‘ಒಂದು ಕಿಲೊ ಮೀನು ಕೊಳ್ಳಬೇಕು’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಕ್ಯೆರೊ, ಕೊಂಪ್ರಾರ್, ಉನ್, ಕೀಲೊ, ದೆ, ಪೆಸ್ಕಾದೊ’ ಎಂಬ ಆರು ಪದಗಳು ಬೇಕು, ಆದರೆ ಧ್ವನಿಮುದ್ರಿಕೆಯಲ್ಲಿ ಕಿವಿಗೆ ಬೀಳುವುದು ‘ಕ್ಯೆರೊಕೊಂಪ್ರಾರುಂಕೀಲೊದೆಪೆಸ್ಕಾದೊ’ ಎಂಬ ಒಂದೇ ಹರಿವು. ‘ಕೊಂಪ್ರಾರ್’ ಪದದ ಕೊನೆಯ ರೇಫ ಮುಂದಿನ ಸ್ವರಕ್ಕೆ ಅಂಟಿಕೊಂಡಿದೆ, ‘ಉನ್’ ಪದದ ನಕಾರ ಕಕಾರದ ಎದುರಿಗೆ ಅನುಸ್ವಾರದಂತೆ ಹಿಂದಕ್ಕೆ ಸರಿದಿದೆ, ‘ಪೆಸ್ಕಾದೊ’ ಪದದ ದಕಾರ ಎರಡು ಸ್ವರಗಳ ನಡುವೆ ಸಿಕ್ಕು ಹಲ್ಲಿಗೆ ಪೂರ್ತಿ ತಾಗದೆ ಮೆತ್ತಗಾಗಿದೆ. ಪದಕೋಶದಲ್ಲಿ ಈ ಆರೂ ಪದಗಳನ್ನು ಕಂಠಪಾಠ ಮಾಡಿದವರು ಸಹ ಈ ಹರಿವಿನಲ್ಲಿ ಅವುಗಳನ್ನು ಗುರುತಿಸದೆ ಹೋಗುವುದು ಹೀಗೆ.

ಈ ತೊಡಕಿಗೆ ಕುಮಟಾ ತಾಲ್ಲೂಕಿನ ಗೋಕರ್ಣದ ವೈದಿಕ ಮನೆತನಗಳಲ್ಲಿ ನಡೆದುಬಂದ ಅಧ್ಯಯನಕ್ರಮ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ. ಸಂಧಿಯಿಂದ ಬೆಸೆದುಕೊಂಡ ಮಂತ್ರದ ಅಖಂಡ ರೂಪಕ್ಕೆ ಸಂಹಿತಾಪಾಠವೆಂದೂ ಅದನ್ನು ಒಂದೊಂದು ಪದವಾಗಿ ಬಿಡಿಸಿ ಹೇಳುವುದಕ್ಕೆ ಪದಪಾಠವೆಂದೂ ಹೆಸರು. ಕ್ರಮಪಾಠದಲ್ಲಿ ಒಂದನೆಯ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಜೋಡಿಸುತ್ತ ಸಾಗುತ್ತಾರೆ. ಜಟಾ ಮತ್ತು ಘನಪಾಠಗಳಲ್ಲಿ ಅದೇ ಜೋಡಿಗಳನ್ನು ಹಿಂದುಮುಂದಾಗಿ ಹೆಣೆಯುತ್ತಾರೆ. ಬರಹದ ಆಸರೆಯಿಲ್ಲದೆ ಪಾಠ ಕೆಡದಂತೆ ಕಾಪಾಡುವುದು ಇದರ ಉದ್ದೇಶವಾಗಿದ್ದರೂ, ಬೆಸೆದ ನುಡಿಯಲ್ಲಿ ಪದದ ಗಡಿಯನ್ನು ಕಾಣುವ ಶಕ್ತಿಯನ್ನು ಕಿವಿಗೆ ಕೊಡುವುದು ಇದರ ಸಹಜ ಫಲ. ಮೇಲಿನ ಮೀನುಪೇಟೆಯ ವಾಕ್ಯವನ್ನು ‘ಕ್ಯೆರೊ ಕೊಂಪ್ರಾರ್, ಕೊಂಪ್ರಾರುನ್, ಉಂಕೀಲೊ, ಕೀಲೊದೆ, ದೆಪೆಸ್ಕಾದೊ’ ಎಂದು ಕ್ರಮದಲ್ಲಿ ಹೇಳಿ ನೋಡಿದರೆ ಪ್ರತಿ ಬೆಸುಗೆಯೂ ತಾನಾಗಿ ಬಾಯಿಗೆ ಬರುತ್ತದೆ. ಹೀಗೆ ಹತ್ತು ವಾಕ್ಯಗಳನ್ನು ಮಾಡಿದವರಿಗೆ ದೊರೆಯುವ ಲಾಭ ಹತ್ತು ಗಂಟೆ ಸುಮ್ಮನೆ ಕೇಳಿದವರಿಗೆ ದೊರೆಯದು ಎಂಬುದು ಈ ಬರಹದ ದೃಢ ಅಭಿಪ್ರಾಯ.

ಅಮೆರಿಕದ ಪಾಲ್ ಪಿಮ್ಸ್‌ಲರ್ 1960ರ ದಶಕದಲ್ಲಿ ರೂಪಿಸಿದ, ಇಂದು ಸ್ಪ್ಯಾನಿಷ್ ಕಲಿಯುವವರಲ್ಲಿ ಬಹಳ ಬಳಕೆಯಲ್ಲಿರುವ ಶ್ರವ್ಯಪಾಠಗಳು ಇದೇ ಬಗೆಯ ಒಡೆದು ಕಟ್ಟುವ ಕ್ರಮವನ್ನು ಅನುಸರಿಸುತ್ತವೆ. ಅವು ಉದ್ದದ ಪದವನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಕಟ್ಟುತ್ತ ಬರುತ್ತವೆ, ಮತ್ತು ಉತ್ತರ ಹೇಳುವ ಮುನ್ನ ಕಲಿಯುವವರು ತಾವೇ ನುಡಿಯಲು ತೆರಪು ಬಿಡುತ್ತವೆ. ಕೇಳಿದ ಪದವನ್ನು 5 ಸೆಕೆಂಡು, 25 ಸೆಕೆಂಡು, 2 ನಿಮಿಷ, 10 ನಿಮಿಷ, ಬಳಿಕ ಗಂಟೆ, ದಿನ, ತಿಂಗಳುಗಳ ಹಿಗ್ಗುವ ಅಂತರದಲ್ಲಿ ಮತ್ತೆ ನೆನಪಿಸಬೇಕೆಂಬುದು 1967ರಲ್ಲಿ ಅವರು ಮುಂದಿಟ್ಟ ಸೂತ್ರ. ಕುರಾನನ್ನು ಪೂರ್ತಿ ಕಂಠಸ್ಥ ಮಾಡುವ ಹಿಫ್ಜ್ ಅಧ್ಯಯನವನ್ನು ಬಲ್ಲ ಭಟ್ಕಳದ ಮನೆಗಳಿಗೆ ಇದು ಹೊಸದೆನಿಸದು. ಉರ್ದು ಮದರಸಾಗಳ ರೂಢಿಯಲ್ಲಿ ಅಂದಿನ ಹೊಸ ಪಾಠಕ್ಕೆ ಸಬಕ್ ಎಂದೂ ಹಿಂದೆ ಕಲಿತದ್ದನ್ನು ಮರಳಿ ಒಪ್ಪಿಸುವುದಕ್ಕೆ ಆಮೋಖ್ತಾ ಎಂದೂ ಹೆಸರಿದ್ದು, ಎರಡಕ್ಕೂ ದಿನಚರಿಯಲ್ಲಿ ಜಾಗವಿರುತ್ತದೆ. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಅಲ್ಲಿನ ಮುಸ್ಲಿಂ ಹೆಂಗಸರು ಕುರಾನನ್ನು ಬಾಯಿಪಾಠ ಬಲ್ಲವರೆಂದೂ, ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ತಾನು ಕಂಡೆನೆಂದೂ ಬರೆದಿದ್ದಾನೆ.

ಕಂಠಪಾಠದ ಈ ಪರಂಪರೆಗಳಲ್ಲಿ ಅರ್ಥ ಹಲವೊಮ್ಮೆ ತಡವಾಗಿ ಬರುತ್ತದೆ. ಆಡುನುಡಿಯನ್ನು ಕಲಿಯುವವರು ಅಷ್ಟು ಕಾಯಲಾರರು. ಅಮೆರಿಕದ ಭಾಷಾಶಿಕ್ಷಣ ಚಿಂತಕ ಸ್ಟೀಫನ್ ಕ್ರಾಶೆನ್ 1980ರ ದಶಕದಿಂದ ಪ್ರತಿಪಾದಿಸುತ್ತ ಬಂದ ವಿಚಾರವೆಂದರೆ, ಕಲಿಯುವವರು ಈಗಿರುವ ಮಟ್ಟಕ್ಕಿಂತ ತುಸುವೇ ಮೇಲಿನ, ಸಂದರ್ಭದಿಂದ ಅರ್ಥವಾಗುವ ನುಡಿಯನ್ನು ಧಾರಾಳವಾಗಿ ಕೇಳಿದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು. ಇದಕ್ಕೆ ಹೊನ್ನಾವರದ ಸೀಮೆಯಲ್ಲಿ ಯಕ್ಷಗಾನಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟವನ್ನೋ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗವನ್ನು ನಡೆಸುವ ತಾಳಮದ್ದಳೆಯನ್ನೋ ಇರುಳೆಲ್ಲ ಕೇಳಿದ ಮಕ್ಕಳು, ಮನೆಯಲ್ಲಿ ಯಾರೂ ಆಡದ ಸಂಸ್ಕೃತಭೂಯಿಷ್ಠ ಗ್ರಂಥಗನ್ನಡವನ್ನು ಯಾರೂ ಕಲಿಸದೆಯೇ ಗ್ರಹಿಸಿದ್ದಾರೆ, ಏಕೆಂದರೆ ಕಥೆ ಅವರಿಗೆ ಮೊದಲೇ ಗೊತ್ತಿತ್ತು. ಕರ್ಣನಿಗೆ ಮುಂದೇನಾಗುವುದೆಂದು ಬಲ್ಲ ಕಿವಿ ತಿಳಿಯದ ಪದಗಳ ಅರ್ಥವನ್ನು ತಾನೇ ತುಂಬಿಕೊಂಡಿತು. ಸ್ಪ್ಯಾನಿಷಿಗೂ ಇದೇ ದಾರಿ ತೆರೆದಿದೆ. ಕ್ರಿ.ಶ. 1031ರ ಸುಮಾರಿಗೆ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಕಥೆಗಳೇ ಇನ್ನೊಂದು ದಾರಿಯಲ್ಲಿ ಪರ್ಷಿಯದ ಪಹ್ಲವಿಗೆ, ಅಲ್ಲಿಂದ ಅರಬ್ಬಿಗೆ ಸಾಗಿ, 1251ರಲ್ಲಿ ‘ಕಲೀಲಾ ಎ ದಿಮ್ನಾ’ ಎಂಬ ಹೆಸರಿನಲ್ಲಿ ಸ್ಪೇನಿನ ಕಾಸ್ತಿಲಿಯನ್ ನುಡಿಗೆ ಇಳಿದವು. ಸಿಂಹ ಮತ್ತು ಎತ್ತಿನ ಗೆಳೆತನ ಮುರಿದ ಕಥೆಯನ್ನು ಬಲ್ಲ ಕನ್ನಡಿಗರು ಅದರ ಸರಳ ಸ್ಪ್ಯಾನಿಷ್ ನಿರೂಪಣೆಯನ್ನು ಕೇಳಲು ಕುಳಿತರೆ ಅವರ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಅಡುಗೆ ಮಾಡುತ್ತ, ಮನಸ್ಸನ್ನು ಬೇರೆಲ್ಲೋ ಇಟ್ಟು, ಮೆಕ್ಸಿಕೊದ ವಾರ್ತೆಯನ್ನು ಹಿನ್ನೆಲೆಯಲ್ಲಿ ಹಚ್ಚಿಡುವುದರಿಂದ ಲಯದ ಪರಿಚಯ ಆದೀತು, ಭಾಷೆ ಬಾರದು. ಡೇನಿಯಲ್ ಅಲಾರ್ಕೋನ್ ಮತ್ತು ಸಂಗಡಿಗರ ‘ರೇಡಿಯೊ ಆಂಬುಲಾಂತೆ’ ಲ್ಯಾಟಿನ್ ಅಮೆರಿಕದ ಜನಜೀವನವನ್ನು ಅಲ್ಲಿನವರದೇ ದನಿಗಳಲ್ಲಿ ಹೇಳುವ ಶ್ರೇಷ್ಠ ಪಾಡ್‌ಕಾಸ್ಟ್, ಅದರ ಲಿಖಿತ ಪಾಠವೂ ಸಿಗುತ್ತದೆ; ಆದರೆ ಅದು ಆರಂಭಿಕರಿಗೆ ತಕ್ಕದ್ದಲ್ಲ, ಆರಂಭದಲ್ಲಿ ನಿಧಾನಗತಿಯ ಪಾಠಗಳನ್ನು ಹಿಡಿಯುವುದೇ ಲೇಸು.

ಇಷ್ಟಾದರೂ ಧ್ವನಿಮುದ್ರಿಕೆಗೆ ಒಂದು ಕೊರತೆ ಉಳಿದೇ ಇದೆ, ಮತ್ತು ಅದು ಸಣ್ಣದಲ್ಲ. ಗೋಕರ್ಣದ ಗುರು ಶಿಷ್ಯನ ಸ್ವರ ತಪ್ಪಿದ ಗಳಿಗೆಯಲ್ಲೇ ತಡೆಯುತ್ತಾರೆ. ಹಿಫ್ಜ್ ಪಾಠದಲ್ಲಿ ಉಸ್ತಾದರು ಎದುರಿಗೆ ಕುಳಿತು ಕೇಳಿಸಿಕೊಳ್ಳದೆ ಯಾವ ಸಬಕೂ ಮುಗಿದಂತಾಗುವುದಿಲ್ಲ. ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಮಾತಿನ ಸಡಿಲನ್ನು ಆಗಲೇ ಹಿಡಿಯುತ್ತಾರೆ. ಇವುಗಳಲ್ಲೆಲ್ಲ ಕೇಳುವವರು ಎರಡೂ ಕಡೆ ಇದ್ದಾರೆ. ಮುದ್ರಿತ ದನಿ ಹೇಳುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ, ಮತ್ತು ತನ್ನ ಉಚ್ಚಾರಣೆ ಸರಿಯಿದೆಯೆಂದು ನಂಬಿ ವರ್ಷವಿಡೀ ತಪ್ಪನ್ನೇ ಗಟ್ಟಿಮಾಡಿಕೊಂಡವರನ್ನು ತಿದ್ದುವುದು ಆಮೇಲೆ ಬಹಳ ಕಷ್ಟ. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳಿಗೆ ಬರುವ ವಿದೇಶಿ ಪ್ರವಾಸಿಗರಲ್ಲಿ ಸ್ಪ್ಯಾನಿಷ್ ನುಡಿಯವರು ಸಿಕ್ಕಾರು, ಆದರೆ ಬಿಡುವಿಗೆ ಬಂದವರಿಂದ ನಿತ್ಯ ಪಾಠವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ದಾರಿಯಲ್ಲಿ ಕಂಡ ಒಂದು ಸಂಗತಿಯನ್ನು ವಿವರವಾಗಿ ದಾಖಲಿಸಿದ್ದಾನೆ. ದೇವಾಲಯದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕದ ಪಾಠವನ್ನು ಒಟ್ಟಾಗಿ ರಾಗವೆಳೆದು ಹೇಳುತ್ತ, ಹೇಳಿದ್ದನ್ನು ನೆಲದ ಮೇಲೆ ಹರಡಿದ ನುಣುಪು ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದರು. ಗುರುಗಳಿಲ್ಲದೆ ತಪ್ಪನ್ನು ತಿದ್ದುವವರು ಯಾರೆಂದು ಅವನು ಕೇಳಿದಾಗ, ಒಂದೇ ತೊಡಕು ನಾಲ್ವರನ್ನೂ ಒಂದೇ ಹೊತ್ತಿಗೆ ಕಾಡುವುದು ಸಾಧ್ಯವಿಲ್ಲವೆಂಬ ಅರ್ಥದ ಉತ್ತರವನ್ನು ಅವರು ಕೊಟ್ಟರು. ಶ್ರವ್ಯಪಾಠಗಳಿಂದ ಸ್ಪ್ಯಾನಿಷ್ ಕಲಿಯುವ ಇಂದಿನವರಿಗೆ ಇದಕ್ಕಿಂತ ಹತ್ತಿರದ ಮಾದರಿ ಇಲ್ಲ. ಒಂದೇ ಪಾಠವನ್ನು ಬೇರೆ ಬೇರೆಯಾಗಿ ಕೇಳಿದ ಮೂವರು ನಾಲ್ವರು ವಾರಕ್ಕೊಮ್ಮೆ ಭಟ್ಕಳದಲ್ಲೋ ಕುಮಟಾದಲ್ಲೋ ಕೂಡಿ, ಒಬ್ಬರು ಧ್ವನಿಮುದ್ರಿಕೆಯ ವಾಕ್ಯವನ್ನು ಹೇಳಿ ಉಳಿದವರು ಅದನ್ನು ಕನ್ನಡ ಲಿಪಿಯಲ್ಲಿ ಕೇಳಿದಂತೆಯೇ ಬರೆದು, ಬಳಿಕ ಮೂಲವನ್ನು ಮತ್ತೆ ಹಚ್ಚಿ ತಾಳೆ ನೋಡಬಹುದು. ಆ ಗುಂಪಿನಲ್ಲಿ ಒಬ್ಬರು ಕೊಂಕಣಿಯವರು, ಒಬ್ಬರು ನವಾಯತಿಯವರು, ಒಬ್ಬರು ಕನ್ನಡದವರು ಇದ್ದರಂತೂ ಲಿಂಗದ ಹೊಂದಾಣಿಕೆಯನ್ನು ಒಬ್ಬರ ಕಿವಿ, ಗಂಟಲ ಧ್ವನಿಯನ್ನು ಇನ್ನೊಬ್ಬರ ಕಿವಿ, ಕ್ರಿಯಾಪದದ ಪ್ರತ್ಯಯವನ್ನು ಮತ್ತೊಬ್ಬರ ಕಿವಿ ಹಿಡಿಯುತ್ತದೆ. ಯಾರ ಕಿವಿಗೂ ಸಿಗದೆ ಉಳಿದ ಎರಡು ರೇಫಗಳ ಭೇದವನ್ನು ಮಾತ್ರ ದೂರದ ಶಿಕ್ಷಕರೊಬ್ಬರಿಗೆ ಆನ್‌ಲೈನ್ ಕರೆಯಲ್ಲಿ ಒಪ್ಪಿಸಿ ತಿದ್ದಿಸಿಕೊಳ್ಳಬೇಕಾಗುತ್ತದೆ.